ಅವನಿಯ ಗಂಟೆಗಳನ್ನು ಎಣಿಸಿದ ಮಳೆಗಾಲ

ಅವನಿ, ತೇಜಸ್,

ಎದುರು ಕೂತು ಹೇಳಲಾಗದ್ದನ್ನು ಬರೆದಿಡುತ್ತಿದ್ದೇನೆ. ಎದುರಿಗೆ ಜನ ಇದ್ದರೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೂ ಗೊತ್ತು. ನಮ್ಮ ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು. ಮಾಸ್ತರರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಪಾಟಿಯ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಇದನ್ನೂ ಹಾಗೆಯೇ ತಿಳಿದುಕೊಳ್ಳಿ.

ಹೋದ ವಾರ ತೇಜಸ್ ನನ್ನನ್ನು ಚಳಿಗಾಲದ ಲಸಿಕೆ ಹಾಕಿಸಲು ಔಷಧಿ ಅಂಗಡಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿಯ ಹುಡುಗಿ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಹೊರಗೆ ಬಂದರೆ ಈ ವರ್ಷದ ಮೊದಲ ಮಳೆ, ಪಾರ್ಕಿಂಗಿನ ಡಾಂಬರಿನ ಮೇಲೆ ಆಗತಾನೇ ಬಿದ್ದು ಹಬೆ ಏಳುತ್ತಿತ್ತು. ಸ್ಪಿರಿಟ್ಟಿನ ವಾಸನೆ, ಒದ್ದೆ ಡಾಂಬರಿನ ವಾಸನೆ ಎರಡೂ ಕೂಡಿದವು ನೋಡಿ, ನಾನು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟೆ.

"ಅಜ್ಜಿ, ಆರ್ ಯೂ ಓಕೆ? ನೋವಾ?" ಎಂದು ತೇಜಸ್ ಕೇಳಿದ.

"ಇಲ್ಲಪಾ, ಏನಿಲ್ಲ, ನಡಿ" ಅಂದೆ. ಅವನಿ ಇಲ್ಲದ ಕಾರಿನಲ್ಲಿ ಕೂತುಕೊಂಡೆ. ಮನೆಗೆ ಬಂದ ಮೇಲೆ ಹಾಳೆ, ಪೆನ್ನು ಹುಡುಕಿದೆ.

ಆ ವಾಸನೆಗೆ ನೆನಪಾದದ್ದು, ನಿಮ್ಮ ಅಜ್ಜ ಹೋದ ಮೇಲೆ ನಾನು ಕಡಲಾಚೆಯ ಈ ಫ್ರೀಮಾಂಟಿಗೆ, ಮಗಳ ಮನೆಗೆ ಬಂದು ಕಂಡ ಎರಡನೆಯ ಮಳೆಗಾಲ. ಇಲ್ಲಿಯ ಮಳೆಗೆ ನಾನಿನ್ನೂ ಹೊಂದಿಕೊಂಡಿರಲಿಲ್ಲ. ಬಾಗಲಕೋಟೆ ಕಡೆಯ ನಮ್ಮ ಊರಲ್ಲಿ ಕುಸುಬಿ ಒಣಗಿ ಕೊಯ್ಲಿಗೆ ಬರುವ ಹೊತ್ತಿಗೆ ಇಲ್ಲಿ ಮಳೆ ಜಿಟಿಜಿಟಿ ಹಿಡಿಯುತ್ತದೆ, ಬೋಳು ಗುಡ್ಡಗಳೆಲ್ಲ ಹಸಿರಾಗುತ್ತವೆ. ಅವನಿ ಕಾಲೇಜು ಮುಗಿಸಿ ಮನೆಗೆ ಬಂದಿದ್ದಳು. ಹಿಂದಿನ ವರ್ಷ ಡಾಕ್ಟರಿಕೆಗೆ ಅರ್ಜಿ ಹಾಕಿದ್ದ ಯಾವ ಕಾಲೇಜೂ ಅವಳನ್ನು ಕರೆದಿರಲಿಲ್ಲ. ಅಂಕಗಳೆಲ್ಲ ಚೆನ್ನಾಗಿಯೇ ಇದ್ದವು. ಆದರೆ ಡಾಕ್ಟರರ ಬೆನ್ನ ಹಿಂದೆ ನಿಂತು, ಅವರು ರೋಗಿಗಳನ್ನು ನೋಡುವ ರೀತಿಯನ್ನು ಇವಳು ಕಂಡದ್ದು ಬಹಳ ಕಡಿಮೆ ಎಂದು ತಿಳಿದವರು ಯಾರೋ ಹೇಳಿದರಂತೆ. ಅದಕ್ಕೆ ಇಲ್ಲಿ ಶ್ಯಾಡೋಯಿಂಗ್ ಅನ್ನುತ್ತಾರೆ. ರೋಗಿಯನ್ನು ಮುಟ್ಟುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ. ಗೋಡೆಗೆ ಒತ್ತಿ ನಿಂತು ನೋಡಬೇಕು. ಹಾಗೆ ನಿಂತ ಗಂಟೆಗಳನ್ನು ಕೂಡಿಸಿ ಅರ್ಜಿಯಲ್ಲಿ ಬರೆಯಬೇಕು.

"ಸುಮ್ಮನ ನಿಂದ್ರೂದಕ್ಕೂ ಪರೀಕ್ಷಾ ಐತೇನವಾ? ಹಂಗಾದ್ರ ನಾ ಯಾವಾಗೋ ಪಾಸ್ ಆಗಿರ್ತಿದ್ನಲ್ಲಾ!" ಎಂದು ನಾನು ನಕ್ಕಿದ್ದೆ.

ಅವನಿ ನಗಲಿಲ್ಲ. ಬೆಳಗಿನ ಹೊತ್ತು ಅವಳಿಗೆ ಪಾಲೋ ಆಲ್ಟೋದ ಒಂದು ಲ್ಯಾಬಿನಲ್ಲಿ ಕೆಲಸ. ಇನ್ನೂ ಬೆಳಕು ಹರಿಯದಿರುವಾಗ ಸೇತುವೆ ದಾಟಿ ಹೋಗಿ, ಊಟದ ಹೊತ್ತಿಗೆ ತಿರುಗಿ ಬರುತ್ತಿದ್ದಳು. ಬಂದವಳೇ ಡಾಕ್ಟರರಿಗೆ ಇಮೇಲು ಬರೆಯುತ್ತ ಕೂರುತ್ತಿದ್ದಳು. ಒಬ್ಬರೂ ಉತ್ತರ ಬರೆಯಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ನಿಮ್ಮ ಅವ್ವನ ಎದುರು, "ಈ ಸಲಾನೂ ಆಗ್ಲಿಲ್ಲಾಂದ್ರೆ ಐ ಆಮ್ ಡನ್, ಅಮ್ಮಾ. ಡಾಕ್ಟರ್ ಆಗೋ ಮಾತು ಇನ್ನು ಬೇಡ. ಯಾವುದಾದ್ರೂ ಆಫೀಸಿಗೆ ಸೇರ್ತೀನಿ" ಅಂದಳು. ನಾನು ಕೊತ್ತಂಬರಿ ಸೋಸುತ್ತಿದ್ದೆ. ತಲೆ ಎತ್ತಿ ಅವಳ ಮುಖ ನೋಡಿದೆ. ಸಣ್ಣವಳಿದ್ದಾಗ ಊರಿಗೆ ಬಂದರೆ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಪ್ಪಸದ ಖಣ ನೇಯುತ್ತಿದ್ದ ನಿಮ್ಮ ಅಜ್ಜನ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದ ಹುಡುಗಿ ಅವಳು. ಅಜ್ಜನೂ ಲಾಳಿ ನಿಲ್ಲಿಸಿ, "ಏನಂತದರೀ ಡಾಕ್ಟರ್?" ಎಂದು ಕೈ ಚಾಚುತ್ತಿದ್ದರು.

ನನ್ನ ಬಿಪಿ ನೋಡುತ್ತಿದ್ದ ಡಾಕ್ಟರಮ್ಮ ಮಂಗಳೂರಿನವರು, ಹೆಸರು ಫ್ಲೇವಿಯಾ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ದಿನಸಿ ಅಂಗಡಿಯ ಸಾಲಿನಲ್ಲೇ ಅವರ ಸಣ್ಣ ಕ್ಲಿನಿಕ್ಕು. ಮಧ್ಯಾಹ್ನದ ಹೊತ್ತು ಅಲ್ಲಿ ನಮ್ಮ ಕಡೆಯ ಹಿರಿಯರೇ ತುಂಬಿರುತ್ತಿದ್ದರು. ಅವರನ್ನು ಕೇಳೋಣ ಅಂದರೆ ಅವನಿ, "ನಿನ್ನ ಡಾಕ್ಟರನ್ನ ನಾನು ಹೇಗೆ ಕೇಳ್ಲಿ, ಅಜ್ಜಿ? ಇಟ್ಸ್ ಆಕ್ವರ್ಡ್" ಎಂದು ಕೊಸರಿಕೊಂಡಳು. ಹಾಗಾಗಿ ಮುಂದಿನ ಸಲ ಹೋದಾಗ ನಾನೇ ಕೇಳುವುದೆಂದು ಗಟ್ಟಿಮಾಡಿಕೊಂಡೆ. ದಾರಿಯುದ್ದಕ್ಕೂ ಬಾಯಿಯೊಳಗೇ ಆ ಮಾತನ್ನು ಹೊರಳಿಸಿದೆ.

ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿ, "ಎಂತ ಅಜ್ಜಿ ಇದು, ಇಷ್ಟು ಮೇಲೆ ಹೋಗಿದೆ? ಉಪ್ಪಿನಕಾಯಿ ತಿಂದದ್ದಾ?" ಅಂದರು.

"ಇಲ್ರಿ. ನಿಮಗ ಒಂದು ಮಾತು ಕೇಳೂದಿತ್ರಿ."

"ಕೇಳುವ ಮೊದಲೇ ಇಷ್ಟು ಏರಿದರೆ, ಕೇಳಿದ ಮೇಲೆ ಎಷ್ಟಾದೀತು ಮಾರಾಯ್ರೆ! ಬೇಗ ಕೇಳಿ."

ನೆಲ ನೋಡಿಕೊಂಡೇ ಹೇಳಿದೆ: "ನನ್ನ ಮೊಮ್ಮಗಳು ನಿಮ್ಮ ಬೆನ್ನ ಹಿಂದ ನಿಂತ್ಕೋತಾಳ್ರಿ. ಏನೂ ಮುಟ್ಟೂದಿಲ್ರಿ. ಬರೇ ನೋಡ್ತಾಳ್ರಿ."

ಅವರು ಪಟ್ಟಿ ಬಿಚ್ಚುತ್ತ ನಕ್ಕರು. ಆಮೇಲೆ ಹೊರಗೆ ಕೂತಿದ್ದ ಅವನಿಯನ್ನು ಕರೆದು, ಮಂಗಳವಾರ, ಗುರುವಾರ ಮಧ್ಯಾಹ್ನ ಬಾ ಅಂದರು. ಒಂದೇ ಕರಾರು. ಪ್ರತಿ ರೋಗಿಯನ್ನೂ ಮೊದಲು ಕೇಳಲಾಗುತ್ತದೆ. ಬೇಡ ಅಂದರೆ ಹೊರಗೆ ಹೋಗಬೇಕು, ಮುಖ ಸಣ್ಣ ಮಾಡಿಕೊಳ್ಳಬಾರದು.

ಹೀಗೆ ನಮ್ಮ ಮಂಗಳವಾರ, ಗುರುವಾರಗಳು ಶುರುವಾದವು. ನಮ್ಮ ಅನ್ನುತ್ತೇನೆ, ಯಾಕೆಂದರೆ ನಾನೂ ಹೋಗುತ್ತಿದ್ದೆ. ಮೊದಲ ದಿನ ಮೊಮ್ಮಗಳಿಗೆ ಹೆದರಿಕೆ ಎಂದು ಹೋದೆ, ಆಮೇಲೆ ರೂಢಿಯಾಯಿತು. ಅವಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂದಲು ಬಿಗಿಯಾಗಿ ಕಟ್ಟುತ್ತಿದ್ದಳು. ನಾನು ಸೀರೆಯ ಮೇಲೆ ಸ್ವೆಟರ್ ಹಾಕುತ್ತಿದ್ದೆ. ಅವಳು ಒಳಗೆ, ನಾನು ಕಾಯುವ ಕೋಣೆಯ ಬೆಂಚಿನಲ್ಲಿ. ಸಂಜೆ ದಿನಸಿ ಅಂಗಡಿಯಲ್ಲಿ ಮೆಂತ್ಯ, ಬದನೆಕಾಯಿ ಕೊಂಡು ಕೆರೆಯ ಪಾರ್ಕಿಗೆ ಹೋಗುವುದು. ಅವಳು ಕೆರೆ ಸುತ್ತುವಳು, ನಾನು ಮೊದಲ ಬೆಂಚಿಗೇ ಕೂರುವವಳು. "ಬಾ ಅಜ್ಜಿ" ಎಂದು ಅವಳು ಕೈ ಹಿಡಿದು ಎಳೆದರೆ, "ನನ್ನ ಮೊಣಕಾಲಿನ ಹಣೇಬರ, ನೀ ಹೋಗಿ ಬಾ" ಅನ್ನುತ್ತಿದ್ದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ.

ತೊಂದರೆ ಬೇರೆ ಕಡೆಯಿಂದ ಬಂತು. ಅವನಿಯನ್ನು ಹೊರಗೆ ಕಳಿಸುವವರು ಬೇರೆ ದೇಶದವರಲ್ಲ, ನಮ್ಮವರೇ. ಚೀನದ ಮುದುಕ ಇರಲಿ, ಮೆಕ್ಸಿಕೋದ ತಾಯಿ ಇರಲಿ, "ಶ್ಯೂರ್, ಶ್ಯೂರ್" ಅನ್ನುತ್ತಿದ್ದರು. ನಮ್ಮವರಿಗೆ ಅವನಿ ಗುರುತಿನ ಹುಡುಗಿ. ರಾಜ್ಯೋತ್ಸವದಲ್ಲಿ ಕುಣಿದವಳು, ರೇಣುಕಾಳ ಮಗಳು. ಅವಳ ಎದುರು ಹೊಟ್ಟೆಯ ಸೀರೆ ಸರಿಸುವುದು ಹೇಗೆ? ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಬ್ಬಳ್ಳಿಯ ಗಂಗಕ್ಕ ನೇರವಾಗಿಯೇ ಹೇಳಿದಳು.

"ಸಿಟ್ಟಾಗಬ್ಯಾಡ ನೀಲವ್ವಾ. ನಿನ್ನ ಮೊಮ್ಮಗಳು ನನ್ನ ಒಳಗಿಂದು ನೋಡಿ ಮನ್ಯಾಗ ಹೇಳಿದ್ಲಂದ್ರ, ಸಂಜಿಗೆ ಇಡೀ ಫ್ರೀಮಾಂಟಿಗೆ ಡಂಗುರ ಆಗ್ತದ."

"ಆಕಿ ಹೇಳೂದಿಲ್ಲ, ಗಂಗಕ್ಕ."

"ಎಲ್ಲಾರೂ ಹಂಗಽ ಅಂತಾರ. ನಾನೂ ಹಂಗಽ ಅಂತೀನಿ, ಆಮ್ಯಾಲೆ ಹೇಳ್ತೀನಿ!"

ಅವಳು ಒಳಗೆ ಹೋದ ಮೇಲೆ ಅವನಿ ಹೊರಗೆ ಬಂದು ನೀರಿನ ಯಂತ್ರದ ಹತ್ತಿರ ನಿಲ್ಲುತ್ತಿದ್ದಳು, ಡಾಕ್ಟರಮ್ಮ ಹೇಳಿದಂತೆಯೇ ಮುಖ ಸಣ್ಣ ಮಾಡಿಕೊಳ್ಳದೆ. ನನಗೆ ಮಾತ್ರ ಅವಳ ಕಿವಿ ಕೆಂಪಾದದ್ದು ಕಾಣುತ್ತಿತ್ತು.

ಫ್ರಿಜ್ಜಿನ ಬಿಳಿ ಹಲಗೆಯ ಮೇಲೆ ಅವಳು ಆಯಾ ದಿನದ ಗಂಟೆ ಬರೆಯುತ್ತಿದ್ದಳು. ಇಷ್ಟೇ ಆಗಬೇಕು ಎಂದು ಯಾವ ಕಾಲೇಜೂ ಹೇಳಿರಲಿಲ್ಲವಂತೆ. ಆದರೂ ಉಳಿದ ಮಕ್ಕಳೆಲ್ಲ ನೂರರ ಸುಮಾರು ತೋರಿಸುತ್ತಾರೆ ಅನ್ನುತ್ತಿದ್ದಳು. ನಮ್ಮ ಹಲಗೆಯ ಮೇಲೆ ಕೆಲವು ದಿನ ಒಂದು, ಕೆಲವು ದಿನ ಅರ್ಧ. "ಹಾಫ್ ಅವರ್? ವಾವ್, ಡಾಕ್ಟರ್ ಅವನಿ!" ಎಂದು ತೇಜಸ್ ಚಪ್ಪಾಳೆ ತಟ್ಟಿ, ಒದ್ದೆ ಟವಲಿನಿಂದ ಏಟು ತಿಂದದ್ದು ನಿಮ್ಮಿಬ್ಬರಿಗೂ ನೆನಪಿರಬೇಕು. ನಿಮ್ಮ ಅವ್ವ ಒಮ್ಮೆ, "ಹೊರಗ ನಿಂತಿದ್ದನ್ನೂ ಸೇರಿಸಿ ಬರಿಯವಾ. ಕ್ಲಿನಿಕ್ಕಿನಾಗಽ ಇದ್ದಿ ಹೌದಿಲ್ಲೋ? ಯಾರು ನೋಡ್ತಾರ?" ಅಂದಳು.

"ನಾನು ನೋಡ್ತೀನಲ್ಲ, ಅಮ್ಮಾ" ಅಂದಳು ಅವನಿ.

ಫೆಬ್ರವರಿಯಲ್ಲಿ ಮಳೆ ಬಿಡದೆ ಹಿಡಿಯಿತು. ಮೇ ಮುಗಿಯುವಷ್ಟರಲ್ಲಿ ಅರ್ಜಿ ಸಿದ್ಧವಾಗಬೇಕು, ಹಲಗೆಯ ಮೊತ್ತ ಅರ್ಧಕ್ಕೂ ಬಂದಿರಲಿಲ್ಲ. ಅವನಿ ಊಟದ ತಟ್ಟೆ ಮುಂದಿಟ್ಟುಕೊಂಡು ಫೋನಿನಲ್ಲಿ ಆಫೀಸಿನ ಕೆಲಸಗಳನ್ನು ಹುಡುಕುವುದು ನನ್ನ ಕಣ್ಣಿಗೆ ಬಿತ್ತು. ಆಗ ನನಗೊಂದು ಯೋಚನೆ ಬಂತು. ಯಾರೂ ಒಳಗೆ ಬಿಡುವುದಿಲ್ಲವಲ್ಲ, ನಾನೇ ರೋಗಿಯಾಗಿ ಹೋದರೆ? ನಾನು ಬೇಡ ಅನ್ನುವುದಿಲ್ಲ. ಮೊಮ್ಮಗಳಿಗೆ ಒಂದು ಗಂಟೆ ಸಿಕ್ಕಂತಾಗುತ್ತದೆ. ರೋಗ ಎಲ್ಲಿಂದ ತರುವುದು ಎಂಬ ಚಿಂತೆ ಇರಲಿಲ್ಲ. ರೋಗ ಇತ್ತು.

ನಿಮ್ಮ ಅವ್ವ ಹುಟ್ಟಿದಾಗ ನನಗೆ ಬಾಣಂತನ ಸರಿಯಾಗಿ ಆಗಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದರು, ಬಾವಿಯಿಂದ ನೀರು ಹೊರುವವರು ಬೇರೆ ಯಾರೂ ಇರಲಿಲ್ಲ. ಹಸಿ ಮೈಯಲ್ಲೇ ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡ ಹೊತ್ತೆ. ಆಗಿನಿಂದ ಗರ್ಭಚೀಲ ಕೆಳಗೆ ಜಾರಿತ್ತು. ನಿಂತರೆ ಭಾರ, ನಡೆದರೆ ಇನ್ನೂ ಭಾರ. ನಮ್ಮ ಕೇರಿಯಲ್ಲಿ ಎಷ್ಟೋ ಹೆಂಗಸರಿಗೆ ಹೀಗಿತ್ತು ಎಂದು ಈಗ ಅನಿಸುತ್ತದೆ. ಆದರೆ ಬಟ್ಟೆ ಬಿಗಿದು ಕಟ್ಟಿಕೊಂಡು ಎಲ್ಲರೂ ಸುಮ್ಮನಿದ್ದೆವು. ಊರಲ್ಲಿ ದವಾಖಾನೆಗೆ ಹೋದರೆ ಹೆಂಡತಿಯ ರೋಗವನ್ನು ಗಂಡನೇ ಹೇಳುವುದು ನಮ್ಮ ವಾಡಿಕೆ. "ಇಕಿಗೆ ಎರಡು ದಿನದಿಂದ ಜ್ವರ ಅದಾವ್ರಿ" ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ಡಾಕ್ಟರು ಅವರನ್ನೇ ಕೇಳುತ್ತಿದ್ದರು, ಮಾತ್ರೆ ಅವರ ಕೈಗೇ ಕೊಡುತ್ತಿದ್ದರು. ಆದರೆ ಇದನ್ನು ಅವರ ಬಾಯಿಂದ ಹೇಳಿಸುವುದು ಹೇಗೆ? ಅವರಿಗೆ ನಾನು ಹೇಳಲೇ ಇಲ್ಲ. ಅವರಿದ್ದಾಗ ಹೇಳಲಾಗಲಿಲ್ಲ, ಅವರು ಹೋದ ಮೇಲೆ ನನ್ನ ಪರವಾಗಿ ಹೇಳುವವರೇ ಇರಲಿಲ್ಲ.

ಒಂದು ಗುರುವಾರ, ಮೊಮ್ಮಗಳಿಗೆ ತಿಳಿಸದೆ, ಕೌಂಟರಿನ ಹುಡುಗಿಗೆ ಕೈಸನ್ನೆ ಮಾಡಿ ನನ್ನ ಹೆಸರು ಬರೆಸಿದೆ. ನನ್ನನ್ನು ಒಳಗೆ ಕರೆದಾಗ ಗೋಡೆಗೆ ಒತ್ತಿ ನಿಂತಿದ್ದ ಅವನಿಯ ಕಣ್ಣು ದೊಡ್ಡದಾಯಿತು.

"ಎಂತ ಅಜ್ಜಿ, ಇವತ್ತು ನಿಮ್ಮ ಸರದಿ ಇಲ್ಲವಲ್ಲ?" ಅಂದರು ಡಾಕ್ಟರಮ್ಮ.

"ತ್ರಾಸ ಐತ್ರಿ. ಹುಡುಗಿ ಇರ್ಲಿ. ನಾ ಬ್ಯಾಡ ಅನ್ನೂದಿಲ್ರಿ. ಆಕಿ ಗಂಟೆ ಬರಕೊಳ್ಳಲಿ."

ಡಾಕ್ಟರಮ್ಮ ಅವನಿಯ ಮುಖ ನೋಡಿದರು, ಅವನಿ ಅವರ ಮುಖ ನೋಡಿದಳು. ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಹೇಳಿದರು: "ಅಜ್ಜಿ, ಸ್ವಂತ ಮನೆಯವರನ್ನು ನೋಡಿದ್ದು ಲೆಕ್ಕಕ್ಕಿಲ್ಲ. ನಾನು ಅದಕ್ಕೆ ಸಹಿ ಹಾಕುವ ಹಾಗಿಲ್ಲ. ಇವಳು ಹೊರಗೆ ಹೋಗಲಿ, ನೀವು ಆರಾಮದಲ್ಲಿ ಹೇಳಿ."

ಅವನಿ ಬಾಗಿಲ ಹಿಡಿಕೆಗೆ ಕೈ ಹಾಕಿದ್ದಳು. ಯಾವುದಕ್ಕಾಗಿ ಬಂದಿದ್ದೆನೋ ಅದೇ ಇಲ್ಲ ಎಂದ ಮೇಲೆ ಎದ್ದು ಮನೆಗೆ ಹೋಗಬಹುದಿತ್ತು. ಮೊಣಕಾಲು ನೋವು ಎಂದು ಹೇಳಿದ್ದರೂ ಮುಗಿಯುತ್ತಿತ್ತು. ಆದರೆ ಅವಳು ಹೊರಗೆ ಹೋದರೆ ನನ್ನ ಬಾಯಿ ಮತ್ತೆ ಎಂದೂ ತೆರೆಯುವುದಿಲ್ಲ ಎಂದು ತಿಳಿದುಹೋಯಿತು. ಅವಳ ಬಿಳಿ ಅಂಗಿಯ ತೋಳು ಹಿಡಿದುಕೊಂಡೆ.

"ಇರವಾ. ಲೆಕ್ಕ ಇರದಿದ್ರ ಇಲ್ಲ. ನನ್ನ ಸಂಗಾತ ಇರು."

ನಾನು ಪರೀಕ್ಷೆಯ ಮಂಚದ ಮೇಲೆ ಮಲಗಿದೆ, ಅವಳು ಬಂದು ನನ್ನ ತಲೆಯ ಪಕ್ಕ ನಿಂತಳು. ನಾನು ಚಾವಣಿಯ ದೀಪ ನೋಡುತ್ತ ಹೇಳಿದೆ. ಅರ್ಧ ಹೇಳಿ ನಿಂತುಬಿಟ್ಟಾಗ ಡಾಕ್ಟರಮ್ಮ ಅವಸರ ಮಾಡಲಿಲ್ಲ, ಅವನಿಯನ್ನೂ ಕೇಳಲಿಲ್ಲ. "ನೀವೇ ಹೇಳಿ ಅಜ್ಜಿ" ಅಂದರು. ಹೊರಗೆ ಮಳೆ ಸುರಿಯುತ್ತಿತ್ತು. ಪರೀಕ್ಷೆ ಮಾಡುವಾಗ ಅವನಿ ಆ ಕಡೆ ನೋಡಲಿಲ್ಲ. ನನ್ನ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸವರುತ್ತ, "ಆಯ್ತು ಅಜ್ಜಿ, ಆಯ್ತು. ಉಸಿರು ತಗೋ" ಅನ್ನುತ್ತಿದ್ದಳು. ಹೆರಿಗೆಯ ದಿನದ ಮಟ್ಟಿಗೆ ಬಂದಿದ್ದ ನನ್ನ ತಾಯಿ ಹೀಗೆಯೇ ನಿಂತಿದ್ದಳು.

ಕತ್ತರಿ ಬೇಡ, ಹೊಲಿಗೆ ಬೇಡ, ಒಳಗೆ ಒಂದು ಮೆತ್ತನೆಯ ಬಳೆ ಇಟ್ಟರೆ ಚೀಲ ಮೇಲೆಯೇ ನಿಲ್ಲುತ್ತದೆ ಎಂದರು ಡಾಕ್ಟರಮ್ಮ. ಆವತ್ತೇ ಅಳತೆ ನೋಡಿ ಇಟ್ಟರು. ಎದ್ದು ನಿಂತೆ. ಭಾರ ಇರಲಿಲ್ಲ. ಇನ್ನೊಂದು ಸಲ ಕೂತು ಎದ್ದೆ. ಆಗಲೂ ಇರಲಿಲ್ಲ.

ಕಾರಿನಲ್ಲಿ ಅವನಿ ಕೀಲಿ ತಿರುಗಿಸಲಿಲ್ಲ. ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಅವಳ ಕೆನ್ನೆಯ ಮೇಲೂ.

"ಎಷ್ಟು ವರ್ಷದಿಂದ, ಅಜ್ಜಿ?"

"ನಿಮ್ಮವ್ವ ಹುಟ್ಟಿದಾಗಿಂದ."

"ಓ ಮೈ ಗಾಡ್. ಯಾಕೆ ಹೇಳ್ಲಿಲ್ಲ ನೀನು?"

"ಯಾರು ಕೇಳಿದ್ರವಾ?"

ಅವಳು ಸ್ಟಿಯರಿಂಗಿಗೆ ಹಣೆ ಹಚ್ಚಿದಳು. ನಾನು ಬೆನ್ನು ಸವರಿದೆ. ಮಳೆ ಸ್ವಲ್ಪ ಇಳಿದ ಮೇಲೆ, ಮೆಂತ್ಯ ತರುವುದನ್ನೂ ಮರೆತು ಕೆರೆಗೆ ಹೋದೆವು. ಮೊದಲ ಬೆಂಚು ಬಂತು, ದಾಟಿದೆ. ಎರಡನೆಯದು ಬಂತು, ದಾಟಿದೆ. ಅವನಿ ನನ್ನ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತಿದ್ದಳು. ಆಚೆಯ ದಂಡೆಯಿಂದ ನೋಡಿದರೆ ನಾನು ಯಾವಾಗಲೂ ಕೂರುತ್ತಿದ್ದ ಬೆಂಚು ಸಣ್ಣದಾಗಿ ಕಾಣುತ್ತಿತ್ತು, ಅದರ ಮೇಲೆ ಬಾತುಗಳು ನಿಂತಿದ್ದವು. "ನಿನ್ ಸೀಟು ಹೋಯ್ತು" ಎಂದಳು ಅವನಿ. ಇಬ್ಬರೂ ಎಷ್ಟು ನಕ್ಕೆವೆಂದರೆ, ಓಡುತ್ತಿದ್ದವರೊಬ್ಬರು ತಿರುಗಿ ನೋಡಿ ತಾವೂ ನಕ್ಕು ಹೋದರು.

ಅವತ್ತು ಹಲಗೆಯ ಮೇಲೆ ಅವಳು ಏನೂ ಬರೆಯಲಿಲ್ಲ. ನಿಮ್ಮ ಅವ್ವ, "ಇವತ್ತೆಷ್ಟು?" ಅಂದರೆ, "ಇವತ್ತು ಬರೆಯೋದೇನಿಲ್ಲ" ಎಂದು ತಟ್ಟೆ ತೊಳೆಯತೊಡಗಿದಳು. ನಿಮ್ಮ ಅವ್ವ ನನ್ನ ಸ್ವಂತ ಮಗಳು. ಆದರೂ ಅವಳ ಎದುರಿಗೂ ಅವನಿ ಬಾಯಿ ಬಿಡಲಿಲ್ಲ. ನಾನಾಗಿಯೇ ನಿಮ್ಮ ಅವ್ವನಿಗೆ ಹೇಳುವವರೆಗೆ ಈ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಮುಂದಿನ ಮಂಗಳವಾರ ಗಂಗಕ್ಕ ನನ್ನ ಪಕ್ಕದಲ್ಲಿದ್ದಳು. ಕೌಂಟರಿನ ಹುಡುಗಿ ಬಂದು, ವಿದ್ಯಾರ್ಥಿನಿ ಒಳಗಿರಬಹುದೇ ಎಂದು ಎಂದಿನಂತೆ ಕೇಳಿದಳು. ಗಂಗಕ್ಕ "ನೋ, ನೋ" ಎಂದು ಕೈ ಅಲ್ಲಾಡಿಸಿದಳು. ನಾನು ಗಂಗಕ್ಕನ ಮೊಣಕೈ ಮುಟ್ಟಿದೆ. ಎದುರಿಗೆ ಇನ್ನೂ ಮೂವರು ಕೂತಿದ್ದರು.

"ಗಂಗಕ್ಕ, ಹೋದ ಗುರುವಾರ ನನ್ನ ತಪಾಸಣಿ ಆತು. ಗರ್ಭಚೀಲ ಜಾರಿತ್ತು. ಆ ಹುಡುಗಿ ನನ್ನ ತಲಿ ಕಡೆ ನಿಂತಿದ್ಲು. ಇವತ್ತಿನ ತನಕ ಆಕಿ ಅವ್ವಗ ಸೈತ ಗೊತ್ತಿಲ್ಲ."

ಅಷ್ಟು ಮಾತನ್ನು ಅಷ್ಟು ಜನರ ಎದುರು ನಾನು ನನ್ನ ಜೀವದಲ್ಲಿ ಆಡಿರಲಿಲ್ಲ. ಗಂಗಕ್ಕ ನನ್ನ ಕಿವಿಯ ಹತ್ತಿರ ಬಾಗಿ, ಅವಳಿಗೆ ಸಾಧ್ಯ ಎಂದು ನಾನೆಣಿಸದಷ್ಟು ಸಣ್ಣ ದನಿಯಲ್ಲಿ, "ನಿನಗೂ ಐತೇನಽ?" ಅಂದಳು.

ನಾನು ತಲೆಯಾಡಿಸಿದೆ. ಗಂಗಕ್ಕ ಸೆರಗು ಸರಿಮಾಡಿಕೊಂಡು ಎದ್ದು, ಕೌಂಟರಿನ ಹುಡುಗಿಗೆ ಗಟ್ಟಿಯಾಗಿ, "ಯಸ್. ಗರ್ಲ್ ಕಮ್" ಅಂದಳು.

ಗಂಗಕ್ಕನ ಬಾಯಿ ಎಂಥದು ಎಂದು ನಿಮಗೆ ಗೊತ್ತು. ಒಳಗಿನ ಮಾತನ್ನು ಅವಳೂ ಹೊರಗೆ ಬಿಡಲಿಲ್ಲ, ಆದರೆ ಹುಡುಗಿ ನಂಬಿಗಸ್ತೆ ಎಂಬುದನ್ನು ಯುಗಾದಿಯ ಹೊತ್ತಿಗೆ ಇಡೀ ಫ್ರೀಮಾಂಟಿಗೆ ಡಂಗುರ ಹೊಡೆದಿದ್ದಳು. ಅವನಿ ನೀರಿನ ಯಂತ್ರದ ಹತ್ತಿರ ನಿಲ್ಲುವುದು ಕಡಿಮೆಯಾಯಿತು. ಹಲಗೆಯ ಮೇಲೆ ಎರಡು, ಮೂರು ಬರತೊಡಗಿದವು. ಗುಡ್ಡಗಳು ಮತ್ತೆ ಹಳದಿ ತಿರುಗುವಾಗ ಮೊತ್ತ ಸಾಕಷ್ಟಾಗಿತ್ತು. ಡಾಕ್ಟರಮ್ಮ ಸಹಿ ಹಾಕಿದರು, ಅರ್ಜಿ ಹೋಯಿತು. ಮರುವರ್ಷ ಅವನಿಯೂ ಹೋದಳು, ಹಿಮ ಬೀಳುವ ದೂರದ ಊರಿಗೆ.

ಅವಳು ಹೋಗಲಿ ಎಂದೇ ನಾನು ಅಷ್ಟೆಲ್ಲ ಮಾಡಿದ್ದು. ಹೋದ ಮೇಲೆ ಮನೆ ಹೀಗಾಗುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ಡಾಕ್ಟರಮ್ಮ ನಿವೃತ್ತರಾದರು, ಕ್ಲಿನಿಕ್ಕಿನ ಜಾಗದಲ್ಲಿ ಈಗ ಹುಬ್ಬು ತೀಡುವ ಅಂಗಡಿ ಇದೆ. ಗಂಗಕ್ಕ ಹುಬ್ಬಳ್ಳಿಗೆ ಹೋಗಿ ಅಲ್ಲೇ ಉಳಿದಳು. ಕೆರೆಯನ್ನು ನಾನು ಈಗಲೂ ಪೂರ್ತಿ ಸುತ್ತುತ್ತೇನೆ, ಒಬ್ಬಳೇ. ಮಂಗಳವಾರ ಊಟವಾದ ಮೇಲೆ ನನಗೇ ಗೊತ್ತಿಲ್ಲದೆ ಸ್ವೆಟರ್ ಹಾಕಿಕೊಂಡು ಬಾಗಿಲ ಹತ್ತಿರ ಬಂದಿರುತ್ತೇನೆ. ಅವನಿ ಆಸ್ಪತ್ರೆಯ ಮೆಟ್ಟಿಲ ಮೇಲಿಂದ ಫೋನು ಮಾಡುತ್ತಾಳೆ, "ಅಜ್ಜಿ, ಎರಡೇ ನಿಮಿಷ, ಊಟ ಆಯ್ತಾ?" ಆಯ್ತು ಅನ್ನುತ್ತೇನೆ. ಕೇಳಬೇಕಾದದ್ದು ನೆನಪಾಗುವಷ್ಟರಲ್ಲಿ ಅವಳನ್ನು ಯಾರೋ ಕರೆದಿರುತ್ತಾರೆ. ಅಲ್ಲಿ ಈಗ ಅವಳು ಗೋಡೆಗೆ ಒತ್ತಿ ನಿಲ್ಲಬೇಕಾಗಿಲ್ಲ, ರೋಗಿಯ ಹತ್ತಿರವೇ ನಿಲ್ಲುತ್ತಾಳೆ. ಯಾವ ಮುದುಕಿಯ ಕೂದಲು ಹಿಂದಕ್ಕೆ ಸವರುತ್ತಿದ್ದಾಳೋ ಎಂದುಕೊಳ್ಳುತ್ತೇನೆ. ಆ ಮುದುಕಿಯ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಅವನಿ, ನೀನು ಕಾಲೇಜಿಗೆ ಕಳಿಸಿದ ಮೊತ್ತದಲ್ಲಿ ಆ ಗುರುವಾರ ಇಲ್ಲ. ಹಲಗೆಯನ್ನು ನಿಮ್ಮ ಅವ್ವ ಒರೆಸಿ ಎಷ್ಟೋ ಕಾಲವಾಯಿತು. ಆ ಮಧ್ಯಾಹ್ನವನ್ನು ಬರೆದಿಟ್ಟದ್ದು ಈ ಹಾಳೆಗಳಲ್ಲಿ ಮಾತ್ರ. ತೇಜಸ್, ನಿನಗೆ ಕನ್ನಡ ಓದಲು ಬರುವುದಿಲ್ಲ, ಅಕ್ಕ ರಜೆಗೆ ಬಂದಾಗ ಪಕ್ಕದಲ್ಲಿ ಕೂತು ಓದಿಸಿಕೋ. ಅವಳು ತಡವರಿಸಿದರೆ ನಗಬೇಡ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಇಳಕಲ್ಲ ಸೀರೆಯ ಮಡಿಕೆಯೊಳಗೆ ಇಡುತ್ತೇನೆ. ಮುಂದೆ ಸೀರೆಯನ್ನು ಯಾರಿಗಾದರೂ ಕೊಡಿ, ಅಡ್ಡಿಯಿಲ್ಲ. ಕೊಡುವ ಮೊದಲು ಮಡಿಕೆ ಬಿಚ್ಚಿ ನೋಡಿ, ಇವನ್ನು ತೆಗೆದು ನಿಮ್ಮಿಬ್ಬರ ಹತ್ತಿರ ಇಟ್ಟುಕೊಳ್ಳಿ.